ಕಪಾಟಿನ ಕೀಲಿಕೈ ಮತ್ತು ಭೌತಶಾಸ್ತ್ರದ ಪಾಠ

ಹುಣಸಗಿಯಿಂದ ನಾರಾಯಣಪುರದ ಕಡೆಗೆ ಹೋಗುವಾಗ ಸಿಗುವ ಕೊಡೇಕಲ್ ಎರಡು ಕಾರಣಕ್ಕೆ ಹೆಸರಾದ ಊರು. ಒಂದು, ಕೊಡೇಕಲ್ ಬಸವಣ್ಣನ ಪರಂಪರೆ ಮತ್ತು ಅದರ ಕಾಲಜ್ಞಾನ ಸಾಹಿತ್ಯ. ಇದು ಭಕ್ತರೆಲ್ಲ ಬಲ್ಲ ಸಂಗತಿ. ಎರಡನೆಯದನ್ನು ಊರಿನವರಿಗಿಂತ ಪುಣೆಯ ಪಂಡಿತರೇ ಹೆಚ್ಚು ಬಲ್ಲರು. ಅದು ಇಲ್ಲಿನ ಬೂದಿದಿಬ್ಬ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು 1960ರ ದಶಕದಲ್ಲಿ ಸುರಪುರ ಸೀಮೆಯನ್ನು ಸುತ್ತಿ, ಕೊಡೇಕಲ್ಲಿನ ದಿಬ್ಬದಲ್ಲಿ ಉತ್ಖನನ ನಡೆಸಿದರು. ಈ ಸೀಮೆಯ ನವಶಿಲಾಯುಗದ ಬಗ್ಗೆ ಅವರು ಬರೆದ ಗ್ರಂಥ 1973ರಲ್ಲಿ ಹಾಲೆಂಡಿನಲ್ಲಿ ಅಚ್ಚಾಯಿತು.

ಬೂದಿದಿಬ್ಬಗಳ ಬಗ್ಗೆ ಜನರ ಬಾಯಲ್ಲಿ ಬೇರೆಯೇ ಕಥೆಗಳುಂಟು. ಬಳ್ಳಾರಿ ಬಳಿಯ ಕುಡತಿನಿಯ ದಿಬ್ಬವನ್ನು ರಾಕ್ಷಸನನ್ನು ಸುಟ್ಟ ಬೂದಿ ಎಂದು ಹೇಳುವುದುಂಟು. ಆದರೆ ಇವು ದನದ ಹಟ್ಟಿಗಳಲ್ಲಿ ಗುಡ್ಡೆ ಬಿದ್ದ ಸಗಣಿ ಮತ್ತೆ ಮತ್ತೆ ಉರಿದು ಆದ ದಿಬ್ಬಗಳು ಎಂಬುದನ್ನು 1957ರಲ್ಲಿ ಉತ್ನೂರಿನಲ್ಲಿ ಉತ್ಖನನ ನಡೆಸಿದ ರೇಮಂಡ್ ಆಲ್ಚಿನ್ ಮತ್ತು ಅವರ ನಂತರದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಕೊಡೇಕಲ್ಲಿನ ದಿಬ್ಬ ಎಷ್ಟು ಹಳೆಯದು? ಅದಕ್ಕೆ ಉತ್ತರ ಕೊಟ್ಟಿದ್ದು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯ. ಜೀವಿಗಳು ಬದುಕಿರುವಾಗ ವಾತಾವರಣದಿಂದ ಪಡೆಯುವ ಇಂಗಾಲದಲ್ಲಿ ಒಂದು ಅತ್ಯಲ್ಪ ಪಾಲು ವಿಕಿರಣಶೀಲವಾಗಿರುತ್ತದೆ. ಜೀವ ಹೋದ ಮೇಲೆ ಆ ಪಾಲು ಸುಮಾರು 5730 ವರ್ಷಗಳಿಗೆ ಅರ್ಧವಾಗುತ್ತದೆ. ಉಳಿದದ್ದನ್ನು ಅಳೆದರೆ ವಯಸ್ಸು ಸಿಗುತ್ತದೆ. ಹೀಗೆ ಅಳೆದಾಗ ಕೊಡೇಕಲ್ಲಿನ ಬೂದಿ ಕ್ರಿಸ್ತಪೂರ್ವ ಮೂರನೇ ಸಹಸ್ರಮಾನಕ್ಕೆ ಸೇರಿದ್ದು, ಎಂದರೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನದು ಎಂದು ತಿಳಿಯಿತು.

ಪರಮಾಣು, ಸಮಸ್ಥಾನಿ ಎಂಬ ಮಾತುಗಳನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯುತ್ತಾರೆ. ಆದರೆ ಅದೇ ಪಾಠದ ಬಲದಿಂದ ತಮ್ಮೂರಿನ ಹೊಲದಂಚಿನ ಬೂದಿಯ ವಯಸ್ಸು ಗೊತ್ತಾಯಿತು ಎಂದು ಎಷ್ಟು ಮಕ್ಕಳಿಗೆ ಯಾರಾದರೂ ಹೇಳಿದ್ದಾರೆ? ದಿಬ್ಬಕ್ಕೂ ಪುಸ್ತಕಕ್ಕೂ ನಡುವೆ ಇರುವುದು ಒಂದು ಶಾಲೆ. ಆ ಶಾಲೆಯಲ್ಲಿ ಮಕ್ಕಳನ್ನು ಒಂದು ದಿನ ಹೊರಗೆ ಕರೆದೊಯ್ಯಬೇಕೆ, ಪ್ರಯೋಗದ ಕಪಾಟು ತೆರೆಯಬೇಕೆ, ವಿಜ್ಞಾನದ ಮಾಸ್ತರರಿಗೆ ಎರಡು ಪೀರಿಯಡ್ ಒಟ್ಟಿಗೆ ಕೊಡಬೇಕೆ ಎಂದು ತೀರ್ಮಾನಿಸುವವರು ಒಬ್ಬರೇ. ಅವರೇ ಮುಖ್ಯೋಪಾಧ್ಯಾಯರು, ನಮ್ಮ ಕಡೆಯ ಮಾತಿನಲ್ಲಿ ಮುಖ್ಯಗುರುಗಳು.

ಕರ್ನಾಟಕದಲ್ಲಿ ವಿಜ್ಞಾನ ಬೋಧನೆಯ ಇತಿಹಾಸ ಬರೆಯುವಾಗ ಪುಸ್ತಕ ಬರೆದವರ, ಪತ್ರಿಕೆ ನಡೆಸಿದವರ, ಆಯೋಗಗಳ ಹೆಸರು ಬರುತ್ತವೆ. ಶಾಲೆ ಕಾಲೇಜುಗಳ ಚುಕ್ಕಾಣಿ ಹಿಡಿದವರ ಪಾತ್ರ ಅಷ್ಟಾಗಿ ಬರುವುದಿಲ್ಲ. ಭೌತಶಾಸ್ತ್ರ ಎಂಬ ಒಂದೇ ವಿಷಯವನ್ನು ಹಿಡಿದು ನೋಡಿದರೂ ಈ ಪಾತ್ರ ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ.

ಬೆಂಗಳೂರಿನಲ್ಲಿ ಒಂದು ಬಗೆ, ಸುರಪುರದಲ್ಲಿ ಇನ್ನೊಂದು ಬಗೆ

ಹಳೆಯ ಮೈಸೂರು ಸಂಸ್ಥಾನದಲ್ಲಿ ಭೌತಶಾಸ್ತ್ರದ ಪಾಠಕ್ಕೆ ನೆಲೆ ಸಿಕ್ಕಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1858ರಲ್ಲಿ ಶಾಲೆಯಾಗಿ ಹುಟ್ಟಿ, 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರು ಪಡೆದ ಸಂಸ್ಥೆ ಇದು. ಅಲ್ಲಿ ಪ್ರಾಂಶುಪಾಲರಾಗಿದ್ದ ಜಾನ್ ಕುಕ್ 1890ರ ದಶಕದ ಆರಂಭದಲ್ಲಿ ಸಂಸ್ಥಾನದ ಹವಾಮಾನ ವೀಕ್ಷಣೆಯ ಕೆಲಸವನ್ನೂ ಹೊತ್ತುಕೊಂಡರು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು ನಡೆದವು. ಗಾಳಿಯ ಒತ್ತಡ, ತಾಪ, ಮಳೆಯ ಪ್ರಮಾಣ ದಿನದಿನವೂ ವಹಿಯಲ್ಲಿ ದಾಖಲಾದವು. ಪ್ರಾಂಶುಪಾಲರೇ ಉಷ್ಣಮಾಪಕ ನೋಡಿ ಲೆಕ್ಕ ಬರೆಸುವ ಕಾಲೇಜಿನಲ್ಲಿ ಉಷ್ಣಮಾಪಕ ಎಂಬುದು ಬರೀ ಪುಸ್ತಕದ ಚಿತ್ರವಾಗಿ ಉಳಿಯುವುದು ಕಷ್ಟ.

ಅದೇ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಅದು ಬಹಳ ಕಾಲ ಬಾಳಲಿಲ್ಲ. ಆದರೆ ಕನ್ನಡದಲ್ಲಿ ವಿಜ್ಞಾನ ಹೇಳಬಹುದು ಎಂಬುದನ್ನು ತೋರಿಸಿತು. ಮುಂದೆ 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ಶೋಧದ ಬಗ್ಗೆ ವಿವರವಾದ ಉಪನ್ಯಾಸ ಕೊಟ್ಟಿದ್ದು ಬೆಂಗಳೂರಿನಲ್ಲೇ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ.

ಇದೇ ಕಾಲದಲ್ಲಿ ಸುರಪುರ ಸೀಮೆ ಬೇರೊಂದು ಆಡಳಿತದ ಕೆಳಗಿತ್ತು. 1858ರ ಬಂಡಾಯದ ನಂತರ ಸುರಪುರ ಸಂಸ್ಥಾನ ಅಳಿದು, 1860ರಲ್ಲಿ ಈ ಭಾಗ ಹೈದರಾಬಾದ್ ನಿಜಾಮರ ಪಾಲಾಯಿತು. ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳ ಮಕ್ಕಳು ಮನೆಯಲ್ಲಿ ಕನ್ನಡ ಆಡಿ, ಮೇಲಿನ ತರಗತಿಗಳಲ್ಲಿ ಉರ್ದುವಿನಲ್ಲಿ ಪಾಠ ಕಲಿಯಬೇಕಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು. ಅದಕ್ಕಾಗಿ ಒಂದು ಭಾಷಾಂತರ ಸಂಸ್ಥೆಯೇ ಇತ್ತು. ಭಾರತೀಯ ಭಾಷೆಯೊಂದರಲ್ಲಿ ಭೌತಶಾಸ್ತ್ರ ಕಲಿಸಿದ ಆ ಸಾಹಸ ಸಣ್ಣದಲ್ಲ. ಆದರೆ ಕೊಡೇಕಲ್ಲಿನಂಥ ಹಳ್ಳಿಯ ಕನ್ನಡದ ಹುಡುಗನಿಗೆ ಭೌತಶಾಸ್ತ್ರ 'ತಬೀಯಾತ್' ಎಂಬ ಹೆಸರಿನಲ್ಲಿ ಬಂದರೆ, ಅವನು ಮೊದಲು ಭಾಷೆ ದಾಟಬೇಕು, ಆಮೇಲೆ ವಿಷಯ ದಾಟಬೇಕು. ಬಹುಪಾಲು ಮಕ್ಕಳು ಮೊದಲನೆಯದಕ್ಕೇ ನಿಂತುಹೋದರು.

1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಅದೇ ವರ್ಷ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಎಂಜಿನಿಯರ್ ಆಗಬೇಕೆಂದರೆ ಭೌತಶಾಸ್ತ್ರ ಬೇಕು, ಭೌತಶಾಸ್ತ್ರ ಬೇಕೆಂದರೆ ಪ್ರೌಢಶಾಲೆಯಲ್ಲಿ ಅದಕ್ಕೆ ಬುನಾದಿ ಬೇಕು. ಬೆಂಗಳೂರಿನಲ್ಲಿ ಎಂಬತ್ತು ವರ್ಷ ಹಿಂದೆ ಬಿದ್ದ ಬುನಾದಿಯನ್ನು ಇಲ್ಲಿ ಹೊಸದಾಗಿ ತೋಡಬೇಕಾಯಿತು. ಈ ಹಿನ್ನೆಲೆಯನ್ನು ಮರೆತು, ನಮ್ಮ ಭಾಗದ ಮಕ್ಕಳಿಗೆ ವಿಜ್ಞಾನ ಹತ್ತುವುದಿಲ್ಲ ಎಂದು ಆಡಿಕೊಳ್ಳುವುದು ನ್ಯಾಯವಲ್ಲ.

ಹೊಸೂರಿನಿಂದ ನಡೆದು ಬಂದ ಹುಡುಗ

ಒಬ್ಬ ಮುಖ್ಯಸ್ಥ ಒಂದು ವಿಷಯಕ್ಕೆ ಏನು ಮಾಡಬಲ್ಲ ಎಂಬುದಕ್ಕೆ ಕರ್ನಾಟಕದಲ್ಲಿ ಎದ್ದು ಕಾಣುವ ಉದಾಹರಣೆ ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಅವರು, 1935ರಲ್ಲಿ ಓದು ಮುಂದುವರಿಸಲು ಬೆಂಗಳೂರಿಗೆ ನಡೆದೇ ಬಂದವರು. ಬಸ್ಸಿಗೆ ಕಾಸಿಲ್ಲದ ಹುಡುಗನಿಗೆ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಬಾಗಿಲು ತೆರೆಯಿತು. ಹೊಸೂರಿನ ಶಾಲೆಯಲ್ಲಿ ಕಲಿಸಿದ್ದ ಮೇಷ್ಟ್ರ ಆಸರೆ ಇರದಿದ್ದರೆ ಆ ನಡಿಗೆಯೇ ಶುರುವಾಗುತ್ತಿರಲಿಲ್ಲ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1942ರ ಚಳವಳಿಯಲ್ಲಿ ಜೈಲು ಕಂಡು, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮರಳಿದರು. ಅಲ್ಲಿಯೇ ಉಳಿಯಬಹುದಾಗಿದ್ದವರು ಹಿಂದಿರುಗಿ ಅದೇ ಕಾಲೇಜಿನ ಪ್ರಾಂಶುಪಾಲರಾದರು.

ಅವರು ಮಾಡಿದ ಕೆಲಸದಲ್ಲಿ ಮುಖ್ಯವಾದದ್ದು 1962ರಲ್ಲಿ ಶುರುವಾದ ಬೆಂಗಳೂರು ಸೈನ್ಸ್ ಫೋರಂ. ವಾರಕ್ಕೊಂದು ಉಪನ್ಯಾಸ. ವಿಜ್ಞಾನ ಸಂಸ್ಥೆಗಳ ಹಿರಿಯರು ಕಾಲೇಜಿಗೆ ಬಂದು ಮಾತನಾಡುತ್ತಿದ್ದರು. ವಿದ್ಯಾರ್ಥಿಗಳ ಜೊತೆಗೆ ಬೀದಿಯ ಜನರೂ ಬಂದು ಕೂತು ಕೇಳಬಹುದಿತ್ತು, ಕೊನೆಗೆ ಎದ್ದು ಪ್ರಶ್ನೆ ಹಾಕಬಹುದಿತ್ತು. ಜುಲೈ ತಿಂಗಳಲ್ಲಿ ಉಪನ್ಯಾಸಗಳ ಹಬ್ಬ. ಇದಕ್ಕೆ ಬೇಕಾಗಿದ್ದ ಸಾಮಗ್ರಿ ಏನು? ಒಂದು ಸಭಾಂಗಣ, ಒಂದು ನಿಗದಿತ ದಿನ, ಮತ್ತು ಆ ದಿನವನ್ನು ಯಾವ ಕಾರಣಕ್ಕೂ ತಪ್ಪಿಸಬಾರದು ಎಂಬ ಒಬ್ಬ ಪ್ರಾಂಶುಪಾಲರ ಹಟ.

ಎರಡನೆಯ ಸಂಗತಿ, ಹುದ್ದೆ ದೊಡ್ಡದಾದರೂ ಅವರು ಕಾಲೇಜಿನ ವಿದ್ಯಾರ್ಥಿ ನಿಲಯದ ಕೋಣೆಯನ್ನು ಬಿಡಲಿಲ್ಲ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. 1984ರಲ್ಲಿ ಪದ್ಮಭೂಷಣ ಬಂತು. 2005ರ ಜನವರಿ 31ರಂದು ತೀರಿಕೊಳ್ಳುವವರೆಗೂ ಅವರ ಬದುಕು ಹುಡುಗರ ನಡುವೆಯೇ ಸಾಗಿತು. ಮುಖ್ಯಸ್ಥರು ಕೈಗೆ ಸಿಗುವ ಮನುಷ್ಯರಾಗಿದ್ದರೆ ಅಧ್ಯಾಪಕರೂ ಸಿಗುತ್ತಾರೆ ಎಂಬುದು ಶಾಲೆಗಳಲ್ಲಿ ದಿನವೂ ಕಾಣುವ ಸತ್ಯ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಕಣ್ಣಾರೆ ಪರೀಕ್ಷಿಸದೆ ಯಾವುದನ್ನೂ ಒಪ್ಪಬಾರದು ಎಂಬ ಭೌತಶಾಸ್ತ್ರದ ಪಾಠವನ್ನು ಅವರು ತರಗತಿಯ ಹೊರಗೂ ಅನ್ವಯಿಸಿದರು. ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಅದು ದೊಡ್ಡ ವಿವಾದಕ್ಕೆ ಕಾರಣವಾಯಿತು. ಅವರ ನಿಲುವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಮುಖ್ಯಸ್ಥರು ಹೀಗೆ ಎದೆಯೊಡ್ಡಿ ನಿಂತರೆ, ಕೆಳಗಿನ ತರಗತಿಯಲ್ಲಿ ಪ್ರಶ್ನೆ ಕೇಳುವ ಹುಡುಗಿಯ ಬಾಯಿ ಮುಚ್ಚಿಸುವ ಧೈರ್ಯ ಯಾವ ಅಧ್ಯಾಪಕರಿಗೂ ಬರುವುದಿಲ್ಲ.

ಪೆಟ್ಟಿಗೆ ಬಂತು, ಕೀಲಿ ಬಿತ್ತು

ನರಸಿಂಹಯ್ಯನವರು ಬೆಂಗಳೂರಿನಲ್ಲಿ ವಾರದ ಉಪನ್ಯಾಸ ನಡೆಸುತ್ತಿದ್ದ ಕಾಲದಲ್ಲೇ ದೆಹಲಿಯಲ್ಲಿ ಕೊಠಾರಿ ಆಯೋಗ ಕೆಲಸ ಮಾಡುತ್ತಿತ್ತು. 1964ರಿಂದ 66ರವರೆಗೆ ಕೂತ ಆ ಆಯೋಗದ ಅಧ್ಯಕ್ಷ ಡಿ.ಎಸ್. ಕೊಠಾರಿ ಸ್ವತಃ ಭೌತಶಾಸ್ತ್ರಜ್ಞರು. ಶಾಲೆಯ ಮೊದಲ ಹತ್ತು ವರ್ಷ ಎಲ್ಲ ಮಕ್ಕಳಿಗೂ ವಿಜ್ಞಾನ ಮತ್ತು ಗಣಿತ ಕಡ್ಡಾಯವಾಗಬೇಕು ಎಂದು ಆಯೋಗ ಹೇಳಿತು. 1986ರ ಶಿಕ್ಷಣ ನೀತಿಯ ನಂತರ, 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಪ್ರಾಥಮಿಕ ಶಾಲೆಗಳಿಗೆ ವಿಜ್ಞಾನದ ಪೆಟ್ಟಿಗೆಗಳು ಬಂದವು. ಅದೇ ಹೊತ್ತಿಗೆ ಶಾಲೆಗಳಲ್ಲಿ ವಿಜ್ಞಾನ ಶಿಕ್ಷಣ ಸುಧಾರಣೆಗೆಂದೇ ಕೇಂದ್ರದ ಇನ್ನೊಂದು ಯೋಜನೆ ಪ್ರೌಢಶಾಲೆಗಳ ಪ್ರಯೋಗಾಲಯಗಳಿಗೆ ನೆರವು ಕೊಟ್ಟಿತು.

ಪೆಟ್ಟಿಗೆ ಬಂತು. ಆಮೇಲೆ ಏನಾಯಿತು ಎಂಬುದು ಹಳ್ಳಿಯ ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ನಾನು ಓದಿದ ಪ್ರೌಢಶಾಲೆಯಲ್ಲಿ ಮುಖ್ಯಗುರುಗಳ ಕೋಣೆಯ ಮೂಲೆಯಲ್ಲೊಂದು ಗಾಜಿನ ಬಾಗಿಲಿನ ಕಪಾಟು ಇತ್ತು. ಒಳಗೆ ಪಟ್ಟಕ, ಮಸೂರ, ಆಯಸ್ಕಾಂತ, ತಾಮ್ರದ ತಂತಿ ಸುತ್ತಿದ ಸುರುಳಿ. ಮೂರು ವರ್ಷ ನಾವು ಅವನ್ನು ಗಾಜಿನ ಈಚೆಯಿಂದ ನೋಡಿದೆವು. ಬೆಳಕಿನ ವಕ್ರೀಭವನವನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡೆವು. ಒಮ್ಮೆ ಗೆಳೆಯನೊಬ್ಬ ಧೈರ್ಯ ಮಾಡಿ ಪಟ್ಟಕ ಕೇಳಿದ. "ಒಡೆದ್ರ ಯಾರು ತುಂಬಬೇಕೋ?" ಎಂದರು ಮುಖ್ಯಗುರುಗಳು. ಅವರು ಕೆಟ್ಟವರಾಗಿರಲಿಲ್ಲ. ಬಡ ಮಕ್ಕಳ ಪರೀಕ್ಷಾ ಶುಲ್ಕವನ್ನು ತಮ್ಮ ಕಿಸೆಯಿಂದ ಕಟ್ಟುತ್ತಿದ್ದರು.

ಹಾಗಾದರೆ ಅಂಥವರು ಒಂದು ಗಾಜಿನ ತುಂಡಿಗೆ ಏಕೆ ಅಂಜಿದರು? ಉತ್ತರ ದಾಸ್ತಾನು ವಹಿಯಲ್ಲಿದೆ. ಶಾಲೆಗೆ ಬಂದ ಪ್ರತಿ ಸಾಮಾನೂ ಆ ವಹಿಯಲ್ಲಿ ಮುಖ್ಯಗುರುಗಳ ಹೆಸರಿನ ಮೇಲೆ ಏರುತ್ತದೆ. ವರ್ಗವಾದಾಗ, ನಿವೃತ್ತರಾದಾಗ ಒಂದೊಂದನ್ನೂ ಎಣಿಸಿ ಮುಂದಿನವರಿಗೆ ಒಪ್ಪಿಸಬೇಕು. ಲೆಕ್ಕ ತಪಾಸಣೆಯವರು ಬಂದು ಕೇಳುವುದು ಹತ್ತು ಮಸೂರ ಹತ್ತೂ ಇವೆಯೇ ಎಂದು. ಆ ಮಸೂರಗಳಿಂದ ಎಷ್ಟು ಮಕ್ಕಳು ಬಿಸಿಲನ್ನು ಒಂದು ಚುಕ್ಕೆಗೆ ತಂದು ಕಾಗದ ಸುಟ್ಟು ನೋಡಿದರು ಎಂದು ಕೇಳುವ ಕಾಲಂ ಯಾವ ವಹಿಯಲ್ಲೂ ಇಲ್ಲ. ಬಳಸಿ ಒಡೆದದ್ದಕ್ಕೆ ಟಿಪ್ಪಣಿ ಬರೆದು, ಮೇಲಿನವರ ಒಪ್ಪಿಗೆ ಪಡೆದು ವಹಿಯಿಂದ ತೆಗೆಯುವ ದಾರಿ ಉಂಟು. ಆದರೆ ಅದು ಓಡಾಟದ ದಾರಿ. ಕೀಲಿ ಹಾಕುವುದು ಸುಲಭ. ಬಳಸದ ಸಾಮಾನಿಗೆ ಯಾರೂ ನೋಟಿಸು ಕೊಡುವುದಿಲ್ಲ.

ಪರೀಕ್ಷೆಯ ರೀತಿಯೂ ಕೀಲಿಗೆ ಒತ್ತಾಸೆಯಾಗಿದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 80 ಅಂಕ ಬರವಣಿಗೆಯ ಪರೀಕ್ಷೆಗೆ, 20 ಅಂಕ ಶಾಲೆಯೇ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ. ಪ್ರಯೋಗ ಮಾಡಿದ ಹುಡುಗಿಗೂ ಪ್ರಯೋಗದ ಚಿತ್ರ ಬರೆದ ಹುಡುಗಿಗೂ ಮಂಡಳಿಯ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣದು. ಫಲಿತಾಂಶದ ಶೇಕಡಾವಾರು ಲೆಕ್ಕದಲ್ಲಿ ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸುವ ಕಾಲದಲ್ಲಿ, ಕೆಳಗಿನ ಸಾಲಿನ ಜಿಲ್ಲೆಯ ಮುಖ್ಯಗುರುಗಳು ಪ್ರಶ್ನೋತ್ತರ ಉರುಹೊಡೆಸುವುದನ್ನೇ ನೆಚ್ಚಿಕೊಂಡರೆ ಅಚ್ಚರಿಯಿಲ್ಲ.

ಹೋಶಂಗಾಬಾದಿನ ಅನುಭವ

ಈ ಕೀಲಿಯನ್ನು ಸರ್ಕಾರಿ ಶಾಲೆಗಳಲ್ಲೇ ತೆಗೆದು ತೋರಿಸಿದ ನಿದರ್ಶನ ಮಧ್ಯಪ್ರದೇಶದಲ್ಲಿದೆ. ಹೋಶಂಗಾಬಾದ್ ಜಿಲ್ಲೆಯಲ್ಲಿ (ಈಗ ಅದರ ಹೆಸರು ನರ್ಮದಾಪುರಂ) 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಕಾರ್ಯಕ್ರಮ ಆರಂಭವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸರ್ಕಾರದ ಒಪ್ಪಿಗೆಯೊಂದಿಗೆ ಇದನ್ನು ನಡೆಸಿದವು. 1978ರಲ್ಲಿ ಇದು ಇಡೀ ಜಿಲ್ಲೆಗೆ ಹಬ್ಬಿತು. 1982ರಿಂದ ಏಕಲವ್ಯ ಸಂಸ್ಥೆ ಇದರ ಹೊಣೆ ಹೊತ್ತಿತು.

ಅಲ್ಲಿ ಮಕ್ಕಳು ನಾಲ್ಕು ನಾಲ್ಕು ಮಂದಿಯ ಗುಂಪು ಕೂತು ತಾವೇ ಪ್ರಯೋಗ ಮಾಡುತ್ತಿದ್ದರು. ಸಾಮಾನುಗಳು ಅಗ್ಗದವು, ಒಡೆದರೆ ಮತ್ತೆ ತುಂಬಿಕೊಡುವ ಏರ್ಪಾಡು ಇತ್ತು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಪ್ರಯೋಗಕ್ಕೂ ಅಂಕ ಇತ್ತು. ತಿಂಗಳಿಗೊಮ್ಮೆ ಸುತ್ತಲಿನ ಶಾಲೆಗಳ ಶಿಕ್ಷಕರು ಹತ್ತಿರದ ದೊಡ್ಡ ಶಾಲೆಯಲ್ಲಿ ಕೂಡಿ ಪಾಠದ ತೊಡಕುಗಳನ್ನು ಚರ್ಚಿಸುತ್ತಿದ್ದರು. ಇಲ್ಲೆಲ್ಲ ಶಾಲೆಯ ಮುಖ್ಯಸ್ಥರ ಸಹಕಾರವೇ ಕೀಲಕ. ಶಿಕ್ಷಕರನ್ನು ಸಭೆಗೆ ಬಿಡಬೇಕು, ವೇಳಾಪಟ್ಟಿ ಬದಲಿಸಬೇಕು, ಮಕ್ಕಳು ಗದ್ದಲ ಮಾಡಿದರೆ ಸಹಿಸಬೇಕು.

ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಆದರೆ ಕೀಲಿ ತೆಗೆಯಲು ಮುಖ್ಯವಾಗಿ ಬೇಕಾದ್ದು ಹಣವಲ್ಲ, ಒಡೆದದ್ದನ್ನು ತಪ್ಪೆಂದು ನೋಡದ ವ್ಯವಸ್ಥೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಕರ್ನಾಟಕದಲ್ಲೂ ಪ್ರಯತ್ನಗಳು ನಡೆಯದೆ ಇಲ್ಲ. 1978ರಲ್ಲಿ 'ಬಾಲ ವಿಜ್ಞಾನ' ಮಾಸಪತ್ರಿಕೆ, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿದವು. ಜೆ.ಆರ್. ಲಕ್ಷ್ಮಣರಾಯರಂಥ ಹಿರಿಯರು ಮಕ್ಕಳಿಗಾಗಿ ಕನ್ನಡದಲ್ಲಿ ವಿಜ್ಞಾನ ಬರೆದರು. 1984ರಲ್ಲಿ ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಬಾಗಿಲು ತೆರೆಯಿತು. 2004ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ, ಯುನಿಸೆಫ್ ಮತ್ತು ರಾಜ್ಯ ಸರ್ಕಾರ ಕೂಡಿ ಮಕ್ಕಳಸ್ನೇಹಿ ಶಾಲೆಗಳ ಕಾರ್ಯಕ್ರಮಕ್ಕೆ ಆರಿಸಿಕೊಂಡಿದ್ದು ಸುರಪುರ ತಾಲ್ಲೂಕನ್ನೇ. ಕೊಡೇಕಲ್ ಆಗ ಅದೇ ತಾಲ್ಲೂಕಿನಲ್ಲಿತ್ತು. ಆದರೆ ಇಂಥ ಕಾರ್ಯಕ್ರಮಗಳು ಬಂದು ಹೋಗುವಂಥವು, ಶಾಲೆ ನಿಲ್ಲುವಂಥದ್ದು. ಬಂದದ್ದರಲ್ಲಿ ಎಷ್ಟು ಉಳಿಯಿತು ಎಂಬುದು ಆ ಶಾಲೆಯ ಮುಖ್ಯಗುರುಗಳನ್ನೇ ಅವಲಂಬಿಸಿರುತ್ತದೆ.

ಮುಖ್ಯಗುರುಗಳ ಕೈಯಲ್ಲಿ ಏನಿದೆ?

ಮುಖ್ಯಗುರುಗಳಿಗೆ ಎಲ್ಲವೂ ಸಾಧ್ಯವಿಲ್ಲ ಎಂಬುದನ್ನು ಮೊದಲೇ ಒಪ್ಪಬೇಕು. ಶಿಕ್ಷಕರ ನೇಮಕ ಅವರ ಕೈಯಲ್ಲಿಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಲು ಎರಡು ಬಗೆಯ ಹುದ್ದೆಗಳಿವೆ. ಪಿಸಿಎಂ ಓದಿದವರು ಗಣಿತ ಮತ್ತು ಭೌತ ವಿಜ್ಞಾನಕ್ಕೆ, ಸಿಬಿಜಡ್ ಓದಿದವರು ಜೀವ ವಿಜ್ಞಾನಕ್ಕೆ. ಮೊದಲನೆಯ ಹುದ್ದೆ ಖಾಲಿ ಬಿದ್ದರೆ ಭೌತಶಾಸ್ತ್ರ ಅತಿಥಿ ಶಿಕ್ಷಕರ ಪಾಲಿಗೆ ಬರುತ್ತದೆ, ಅವರೂ ಸಿಗದಿದ್ದರೆ ಅನಾಥವಾಗುತ್ತದೆ. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಬಂದು ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಸಿಕ್ಕಿದೆ. ಖಾಲಿ ಹುದ್ದೆಗಳ ದೂರು ಮಾತ್ರ ತೀರಿಲ್ಲ.

ಆದರೂ ಅವರ ಕೈಯಲ್ಲಿರುವುದು ಕಡಿಮೆಯೇನಲ್ಲ. ಮೊದಲನೆಯದು ವೇಳಾಪಟ್ಟಿ. ಒಂದು ಪೀರಿಯಡ್‌ನಲ್ಲಿ ಸಾಮಾನು ಹೊರಗಿಟ್ಟು, ಪ್ರಯೋಗ ಮಾಡಿ, ತೊಳೆದು ಒಳಗಿಡಲು ಆಗುವುದಿಲ್ಲ. ವಾರಕ್ಕೊಮ್ಮೆ ಎರಡು ಪೀರಿಯಡ್ ಜೋಡಿಸಿ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ. ಎರಡನೆಯದು ಹಣ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ ವರ್ಷಕ್ಕೆ ಒಂದು ಅನುದಾನ ಗೊತ್ತಾಯಿತು. 100ರಿಂದ 250 ಮಕ್ಕಳಿದ್ದರೆ 50 ಸಾವಿರ ರೂಪಾಯಿ, ಅದಕ್ಕೂ ಮೇಲೆ ಸಾವಿರದವರೆಗೆ 75 ಸಾವಿರ. ಸುಣ್ಣಬಣ್ಣ, ಕರೆಂಟ್ ಬಿಲ್ಲು, ಶೌಚಾಲಯದ ರಿಪೇರಿ ಎಲ್ಲವೂ ಅದರಲ್ಲೇ ಆಗಬೇಕು. ಆದರೂ ಬ್ಯಾಟರಿ, ಬಲ್ಬು, ತಂತಿ, ಕನ್ನಡಿ ಚೂರುಗಳಿಗೆ ಬೇಕಾಗುವುದು ಅದರಲ್ಲಿ ಒಂದು ಸಣ್ಣ ಪಾಲು. ಮೂರನೆಯದು ಊರಿನ ನಂಟು. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಪಾಲಕರ ಆ ಸಭೆಯಲ್ಲಿ ಕಾಂಪೌಂಡು, ಬಿಸಿಯೂಟದ ಜೊತೆ ವಿಜ್ಞಾನದ ಕಪಾಟಿನ ಮಾತನ್ನೂ ಎತ್ತಿ, ಒಡೆದದ್ದಕ್ಕೆ ಸಮಿತಿಯ ಠರಾವು ಬರೆಸಿಕೊಂಡರೆ ಮುಖ್ಯಗುರುಗಳ ಅಂಜಿಕೆ ಅರ್ಧಕ್ಕರ್ಧ ಇಳಿದೀತು.

ನಾಲ್ಕನೆಯದು ಹೊರಗೆ ಕರೆದೊಯ್ಯುವ ಅಧಿಕಾರ. ಕೊಡೇಕಲ್ ಸೀಮೆಯಲ್ಲಿ ಭೌತಶಾಸ್ತ್ರಕ್ಕೆ ಬರವಿಲ್ಲ. ಹತ್ತಿರದಲ್ಲೇ ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರ ಜಲಾಶಯವಿದೆ. 1982ರಲ್ಲಿ ಮುಗಿದ ಅಣೆಕಟ್ಟು ಅದು. ಅಣೆಕಟ್ಟಿನ ಗೋಡೆ ಬುಡದಲ್ಲಿ ಏಕೆ ದಪ್ಪ ಎಂದು ಅಲ್ಲಿ ನಿಂತು ಕೇಳಿದರೆ, ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ ಎಂಬ ಪಾಠ ಜನ್ಮಕ್ಕೆ ಮರೆಯದು. ಎಡದಂಡೆ ಕಾಲುವೆಯ ನೀರು ಪಂಪಿಲ್ಲದೆ ದೂರದ ಹೊಲಗಳಿಗೆ ಹೋಗುವುದು ಗುರುತ್ವದ ಪಾಠ. ಬಾವಿಯ ಗಡಗಡೆ, ಎತ್ತಿನ ಬಂಡಿಯ ಅಚ್ಚು, ಕಲ್ಲುಗಣಿಯ ಹಾರೆಕೋಲು, ಎಲ್ಲವೂ ಸರಳ ಯಂತ್ರಗಳೇ. ರಾಜನಕೋಳೂರಿನ ಶಿಲಾಗೋರಿಗಳ ಚಪ್ಪಡಿಗಳನ್ನು, ಹತ್ತೊಂಬತ್ತನೇ ಶತಮಾನದಲ್ಲಿ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಬರಹದಲ್ಲಿ ದಾಖಲಿಸಿದ ಆ ಭಾರಿ ಕಲ್ಲುಗಳನ್ನು, ಕ್ರೇನ್ ಇಲ್ಲದ ಕಾಲದ ಜನ ಹೇಗೆ ಎತ್ತಿಟ್ಟರು? ಈ ಒಂದು ಪ್ರಶ್ನೆ ಸನ್ನೆಕೋಲಿನ ಇಡೀ ಅಧ್ಯಾಯಕ್ಕೆ ಸಾಕು.

ಗ್ರಹಣದ ದಿನ

ಒಂದು ಶಾಲೆ ವಿಜ್ಞಾನದ ಪರವಾಗಿ ಎಷ್ಟು ಗಟ್ಟಿಯಾಗಿ ನಿಂತಿದೆ ಎಂಬುದು ಗ್ರಹಣದ ದಿನ ಗೊತ್ತಾಗುತ್ತದೆ. 1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾದ ಬಳಿ ಕರಾವಳಿ ಮುಟ್ಟಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಪೂರ್ವಕ್ಕೆ ಸಾಗಿತು. ಅದನ್ನು ನೋಡಲು ದೇಶವಿದೇಶಗಳ ವಿಜ್ಞಾನಿಗಳು ಬಂದು ಬೀಡುಬಿಟ್ಟಿದ್ದರು. ಮಾನವನ ಆಯುಷ್ಯದಲ್ಲಿ ಒಂದೇ ಊರಿಗೆ ಎರಡನೇ ಸಲ ಬಾರದಷ್ಟು ಅಪರೂಪದ ನೋಟ ಅದು. ಆದರೆ ಆ ಮಧ್ಯಾಹ್ನ ಬೀದಿಗಳು ಬಿಕೋ ಎಂದವು. ಜನ ಕದ ಮುಚ್ಚಿ ಒಳಗೆ ಕೂತರು.

ನಾಲ್ಕು ದಶಕಗಳ ನಂತರವೂ ಅಂಜಿಕೆ ಹೋಗಿರಲಿಲ್ಲ. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಬಳಿಯ ಹಳ್ಳಿಯೊಂದರಲ್ಲಿ, ಅಂಗವೈಕಲ್ಯ ಗುಣವಾಗುತ್ತದೆಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿ ನಿಲ್ಲಿಸಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಆ ತಾಯಂದಿರನ್ನು ಹೀಯಾಳಿಸುವುದು ಸುಲಭ. ಮಗುವಿನ ಕಾಲಿಗೆ ಬಲ ಬರಲಿ ಎಂದು ಏನನ್ನೂ ಮಾಡಲು ಸಿದ್ಧರಾದವರು ಅವರು. ಗ್ರಹಣ ಎಂದರೆ ಚಂದ್ರನ ನೆರಳು ಎಂದು ಪುಸ್ತಕದಲ್ಲಿ ಓದಿದ ನಮ್ಮ ಪೀಳಿಗೆ ಅದನ್ನು ಮನೆಯವರಿಗೆ ತಿಳಿಯುವಂತೆ ಹೇಳಲಿಲ್ಲವೇಕೆ ಎಂಬುದು ನಿಜವಾದ ಪ್ರಶ್ನೆ. ಹೇಳಲಿಲ್ಲ, ಏಕೆಂದರೆ ನಾವೂ ನೋಡಿರಲಿಲ್ಲ. ಓದಿದ್ದೆವು, ಅಷ್ಟೆ.

ಇಂಥ ದಿನ ಮಕ್ಕಳನ್ನು ಮೈದಾನಕ್ಕೆ ಕರೆತರಲು ವಿಜ್ಞಾನದ ಮಾಸ್ತರರ ಉತ್ಸಾಹವೊಂದೇ ಸಾಲದು. ಊರಿನ ಹಿರಿಯರು ಬಂದು ಕೇಳುವುದು ಮುಖ್ಯಗುರುಗಳನ್ನು. ಅವರು ವಾರ ಮೊದಲೇ ಪಾಲಕರನ್ನು ಕರೆದು ತಿಳಿಹೇಳಿದ್ದರೆ, ಬರಿಗಣ್ಣಿನಿಂದ ಯಾರೂ ಸೂರ್ಯನನ್ನು ನೋಡದಂತೆ ಸುರಕ್ಷಿತ ಕನ್ನಡಕ ತರಿಸಿದ್ದರೆ, ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ನೆಲದ ಮೇಲೆ ಬಿಂಬ ಬೀಳಿಸುವುದನ್ನು ಕಲಿಸಿದ್ದರೆ, ಆ ದಿನ ಶಾಲೆ ಊರಿಗೇ ಪಾಠ ಹೇಳಬಹುದು. ಅವರು ರಜೆ ಘೋಷಿಸಿದರೆ ಅದೂ ಒಂದು ಪಾಠವೇ. ಅದು ಅಂಜಿಕೆಯ ಪಾಠ.

ಕೊಡೇಕಲ್ ಕಾಲಜ್ಞಾನದ ಊರು ಎಂದು ಆರಂಭದಲ್ಲಿ ಹೇಳಿದೆ. ಈ ಪರಂಪರೆಯ ಬರಹಗಳು 'ಅಮರಗನ್ನಡ' ಎಂಬ ಗೂಢ ಲಿಪಿಯಲ್ಲಿವೆ, ಅದನ್ನು ಬಲ್ಲವರು ಮಾತ್ರ ಓದಬಲ್ಲರು. ಅದರ ಮಹತ್ವ ಅದಕ್ಕಿದೆ. ಮುಂದಾಗುವುದನ್ನು ಹೇಳುವ ಇನ್ನೊಂದು ವಿದ್ಯೆಯೂ ಇದೆ. ಅದರ ಲೆಕ್ಕ ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ಮತ್ತೆ ಮಾಡಿ ಸರಿನೋಡಬಹುದು. ಆದರೆ ಕೀಲಿ ಹಾಕಿದ ಕಪಾಟಿನ ಹಿಂದೆ ಕೂತಾಗ ಭೌತಶಾಸ್ತ್ರವೂ ನಮ್ಮ ಮಕ್ಕಳಿಗೆ ಗೂಢ ಲಿಪಿಯೇ ಆಗುತ್ತದೆ.

ಆ ವಿದ್ಯೆಯ ಲೆಕ್ಕದ ಪ್ರಕಾರ 2027ರ ಆಗಸ್ಟ್ 2ರ ಸಂಜೆಯ ಹೊತ್ತಿಗೆ ಭಾರತದ ಬಹುಭಾಗದಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣುತ್ತದೆ. ಅಂದು ಸೋಮವಾರ, ಶಾಲೆಯ ದಿನ. ಕೊಡೇಕಲ್ ಸೀಮೆಯ ಮಕ್ಕಳು ಅಂದು ಮೈದಾನದಲ್ಲಿರುತ್ತಾರೋ, ಕದ ಮುಚ್ಚಿದ ಕೋಣೆಯಲ್ಲಿರುತ್ತಾರೋ ಎಂಬುದನ್ನು ಮಾತ್ರ ಯಾವ ಲೆಕ್ಕವೂ ಹೇಳಲಾರದು. ಅದನ್ನು ತೀರ್ಮಾನಿಸುವವರು ಅವರವರ ಶಾಲೆಯ ಮುಖ್ಯಗುರುಗಳು.